ಅಗ್ನಿಪರ್ವತದ ಅಲೆ ಮತ್ತು ಎಚ್ಚರಿಕೆಯ ಮಾತು

'ಸುನಾಮಿ' ಎಂಬುದು ಜಪಾನೀ ಭಾಷೆಯ ಶಬ್ದ. 'ತ್ಸು' ಎಂದರೆ ಬಂದರು, 'ನಾಮಿ' ಎಂದರೆ ಅಲೆ. ಒಟ್ಟಿನಲ್ಲಿ ಬಂದರಿನ ಅಲೆ. ನಡುಗಡಲಿನ ದೋಣಿಯವರಿಗೆ ಈ ಅಲೆ ತಮ್ಮ ಅಡಿಯಲ್ಲಿ ಹಾದುಹೋದದ್ದು ತಿಳಿಯುವುದೇ ಇಲ್ಲ. ದಡಕ್ಕೆ ಬಂದ ಮೇಲೆ ಅದು ತಲೆಯೆತ್ತುತ್ತದೆ. ಆದುದರಿಂದ ಹೆಸರು ಅನ್ವರ್ಥವಾದದ್ದೇ. 2004ರ ಡಿಸೆಂಬರ್ 26ರ ವರೆಗೆ ನಮ್ಮಲ್ಲಿ ಈ ಶಬ್ದವನ್ನು ಬಲ್ಲವರು ವಿರಳ. ಆ ದಿನ ಸುಮಾತ್ರದ ಬಳಿ ಕಡಲ ತಳ ನಡುಗಿ, ಅಂಡಮಾನ್ ನಿಕೋಬಾರ್ ದ್ವೀಪಗಳನ್ನೂ ತಮಿಳುನಾಡು, ಆಂಧ್ರ, ಕೇರಳಗಳ ದಂಡೆಯನ್ನೂ ನೀರು ಬಡಿದ ಮೇಲೆ ಅದು ನಮ್ಮ ಹಳ್ಳಿಯ ಮಕ್ಕಳಿಗೂ ಪರಿಚಿತವಾದ ಶಬ್ದವಾಯಿತು.

ಶಬ್ದದ ಸಂಗಡ ನಾವು ಅದಕ್ಕೆ ಒಂದೇ ಒಂದು ಕಾರಣವನ್ನೂ ಕಲಿತುಕೊಂಡೆವು: ಕಡಲಿನಡಿಯ ಭೂಕಂಪ. ಈ ತಿಳಿವಳಿಕೆ ಬಹುಮಟ್ಟಿಗೆ ಸರಿಯಾದುದೇ. ಹತ್ತರಲ್ಲಿ ಎಂಟು ಸುನಾಮಿಗಳಿಗೆ ಭೂಕಂಪವೇ ಕಾರಣವೆಂದೂ, ಅಗ್ನಿಪರ್ವತಗಳು ಎಬ್ಬಿಸುವ ಸುನಾಮಿಗಳು ನೂರರಲ್ಲಿ ಸುಮಾರು ಐದು ಮಾತ್ರವೆಂದೂ ಬಲ್ಲವರು ಲೆಕ್ಕ ಹಾಕಿದ್ದಾರೆ. ಐದೇ ತಾನೆ ಎಂದು ಕಡೆಗಣಿಸುವಂತಿಲ್ಲ. ಕಳೆದ ಎರಡೂವರೆ ಶತಮಾನಗಳಲ್ಲಿ ಅಗ್ನಿಪರ್ವತಗಳಿಗೆ ಬಲಿಯಾದವರಲ್ಲಿ ಅಂದಾಜು ಐದನೆಯ ಒಂದು ಪಾಲು ಜನ ಕಡಲಿನ ಅಲೆಯಿಂದ ಸತ್ತವರು. ಬೆಂಕಿಯ ಬೆಟ್ಟ ನೀರಿನಿಂದ ಕೊಲ್ಲುತ್ತದೆ. ಅದೂ ಬೆಟ್ಟದ ಬುಡದಲ್ಲಿದ್ದವರನ್ನಲ್ಲದೆ, ಅದರ ಹೊಗೆಯನ್ನೂ ಕಾಣದಷ್ಟು ದೂರದವರನ್ನು.

ಇವರಿಗೆ ಮುನ್ನೆಚ್ಚರಿಕೆ ಕೊಡುವುದು ಏಕೆ ಇಷ್ಟು ಕಷ್ಟ ಎಂಬುದು ಈ ಹೊತ್ತಿನ ನನ್ನ ವಿಷಯ. ನಾನು ವಿಜ್ಞಾನಿಯಲ್ಲ, ಬಹುಕಾಲ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತನಾದವನು. ಆದರೆ ಈ ಕಷ್ಟದಲ್ಲಿ ಅರ್ಧ ಯಂತ್ರಗಳಿಗೆ ಸಂಬಂಧಿಸಿದ್ದು, ಇನ್ನರ್ಧ ಮಾತಿಗೆ ಸಂಬಂಧಿಸಿದ್ದು ಎಂದು ನನಗೆ ತೋರಿರುವುದರಿಂದ, ಭಾಷೆಯ ಮೇಷ್ಟ್ರೊಬ್ಬ ಇದರ ಬಗೆಗೆ ಬಾಯಿ ತೆರೆದರೆ ಅಧಿಕಪ್ರಸಂಗವಾಗಲಾರದೆಂದು ನಂಬಿದ್ದೇನೆ.

ಮೊದಲು ಭೂಕಂಪದ ಸುನಾಮಿಗೆ ಎಚ್ಚರಿಕೆ ಹೇಗೆ ಹೊರಡುತ್ತದೆ ಎಂಬುದನ್ನು ನೋಡೋಣ. ಭೂಕಂಪದ ಕಂಪನ ಬಂಡೆಗಳ ಮೂಲಕ ಸೆಕೆಂಡಿಗೆ ಹಲವು ಕಿಲೋಮೀಟರುಗಳ ವೇಗದಲ್ಲಿ ಹರಿಯುತ್ತದೆ. ಕಡಲ ಅಲೆ ಅದರ ಮುಂದೆ ತೀರ ನಿಧಾನ. ನಾಲ್ಕು ಕಿಲೋಮೀಟರು ಆಳದ ಸಾಗರದಲ್ಲಿ ಅದರ ವೇಗ ಗಂಟೆಗೆ ಸುಮಾರು 700 ಕಿಲೋಮೀಟರು. ಆಳ ಕಡಮೆಯಾದಂತೆ ವೇಗವೂ ಇಳಿಯುತ್ತದೆ. ಈ ಎರಡು ವೇಗಗಳ ಅಂತರವೇ ಮನುಷ್ಯನಿಗೆ ದೊರೆಯುವ ಕಾಲಾವಕಾಶ. ಕಂಪನಮಾಪಕಗಳು ಕೆಲವೇ ನಿಮಿಷಗಳಲ್ಲಿ ಭೂಕಂಪ ಎಲ್ಲಿ ಆಯಿತು, ಎಷ್ಟು ಪ್ರಬಲವಾಗಿತ್ತು ಎಂಬುದನ್ನು ತಿಳಿಸುತ್ತವೆ. ಇಂಥಲ್ಲಿ ಇಷ್ಟು ಪ್ರಬಲವಾದ ಕಂಪನವಾದರೆ ಇಂತಿಂಥ ದಂಡೆಗೆ ಇಷ್ಟು ಹೊತ್ತಿಗೆ ಅಲೆ ಬರುತ್ತದೆ ಎಂಬ ಲೆಕ್ಕಗಳನ್ನು ಮೊದಲೇ ಮಾಡಿಟ್ಟಿರುತ್ತಾರೆ. ಆ ಲೆಕ್ಕದ ಮೇಲೆ ಮೊದಲ ಸಂದೇಶ ಹೊರಡುತ್ತದೆ. ಅನಂತರ ಕಡಲ ತಳದ ಒತ್ತಡಮಾಪಕಗಳೂ ಬಂದರುಗಳ ಉಬ್ಬರಮಾಪಕಗಳೂ ಅಲೆ ನಿಜವಾಗಿ ಎದ್ದಿದೆಯೇ ಇಲ್ಲವೇ ಎಂದು ಹೇಳುತ್ತವೆ. 1946ರಲ್ಲಿ ಅಲ್ಯೂಷಿಯನ್ ದ್ವೀಪಗಳ ಬಳಿ ಎದ್ದ ಅಲೆ ಹವಾಯಿಯಲ್ಲಿ ಅನೇಕರನ್ನು ಕೊಂದ ಮೇಲೆ, 1949ರಲ್ಲಿ ಅಲ್ಲಿ ಪೆಸಿಫಿಕ್ ಸಾಗರದ ಎಚ್ಚರಿಕಾ ಕೇಂದ್ರ ಆರಂಭವಾಯಿತು. 2004ರ ದುರಂತದ ಬಳಿಕ, 2007ರಲ್ಲಿ ನಮ್ಮ ಹೈದರಾಬಾದಿನಲ್ಲಿಯೂ ಇಂಥ ಕೇಂದ್ರ ಸ್ಥಾಪಿತವಾಯಿತು.

ಯಂತ್ರಗಳು ಬರುವುದಕ್ಕೆ ಮುಂಚೆಯೇ ಈ ಸಂಗತಿಯನ್ನು ಕಂಡುಕೊಂಡ ಜನರೂ ಇದ್ದಾರೆ. ಸುಮಾತ್ರದ ಪಶ್ಚಿಮಕ್ಕೆ ಸಿಮೆಲೂ ಎಂಬ ದ್ವೀಪವಿದೆ. 1907ರಲ್ಲಿ ಅಲ್ಲಿ ಭೂಕಂಪವಾಗಿ, ಅಲೆ ಬಂದು, ಬಹಳ ಜನ ಸತ್ತರು. ಉಳಿದವರು ಆ ಅಲೆಗೆ 'ಸ್ಮೋಂಗ್' ಎಂದು ಹೆಸರಿಟ್ಟು, ನೆಲ ಬಲವಾಗಿ ನಡುಗಿ ಕಡಲು ಹಿಂದಕ್ಕೆ ಸರಿದರೆ ಗುಡ್ಡಕ್ಕೆ ಓಡಬೇಕೆಂದು ಮಕ್ಕಳಿಗೆ ಕಥೆಯಾಗಿ, ಜೋಗುಳವಾಗಿ ಹೇಳುತ್ತ ಬಂದರು. 2004ರಲ್ಲಿ ಭೂಕಂಪದ ಕೇಂದ್ರಕ್ಕೆ ಅತ್ಯಂತ ಸಮೀಪದಲ್ಲಿದ್ದ ಆ ದ್ವೀಪದ ಎಪ್ಪತ್ತೆಂಟು ಸಾವಿರದಷ್ಟು ಜನರಲ್ಲಿ ಸತ್ತವರು ಏಳೇ ಮಂದಿ. ತೊಂಬತ್ತೇಳು ವರ್ಷ ಬಾಯಿಂದ ಬಾಯಿಗೆ ಸಾಗಿಬಂದ ಒಂದು ಶಬ್ದ ಒಂದು ದ್ವೀಪವನ್ನು ಉಳಿಸಿತು ಎಂದರೆ ಉತ್ಪ್ರೇಕ್ಷೆಯಲ್ಲ.

ಆದರೆ ಗಮನಿಸಿ: ಹೈದರಾಬಾದಿನ ಯಂತ್ರವೂ ಸಿಮೆಲೂವಿನ ಅಜ್ಜಿಯೂ ನೆಚ್ಚಿರುವುದು ಒಂದೇ ಸೂಚನೆಯನ್ನು. ನೆಲ ನಡುಗಬೇಕು. ನೆಲ ನಡುಗದೆ ಅಲೆ ಬಂದರೆ ಯಂತ್ರವೂ ಸುಮ್ಮನಿರುತ್ತದೆ, ಅಜ್ಜಿಯೂ ಸುಮ್ಮನಿರುತ್ತಾಳೆ. ಅಗ್ನಿಪರ್ವತದ ಅಲೆ ಹಾಗೆ ಬರಬಲ್ಲದು.

ಅದು ಹುಟ್ಟುವ ಬಗೆಯೂ ಒಂದಲ್ಲ. ಕಡಲಿನ ಅಡಿಯಲ್ಲಿ ಪರ್ವತ ಸಿಡಿದು ನೀರನ್ನು ನೇರವಾಗಿ ತಳ್ಳಬಹುದು. ಕಾದ ಬೂದಿ, ಕಲ್ಲು, ಅನಿಲಗಳ ಪ್ರವಾಹ ಇಳಿಜಾರಿನಲ್ಲಿ ಧುಮುಕಿ ಕಡಲಿಗೆ ನುಗ್ಗಬಹುದು. ಒಳಗಿನ ಶಿಲಾರಸ ಬರಿದಾಗಿ ಪರ್ವತದ ನೆತ್ತಿಯೇ ಕುಸಿದು ಕಡಾಯಿಯಂಥ ಹೊಂಡವಾಗಬಹುದು. ಪದರ ಪದರವಾಗಿ ಸಡಿಲವಾಗಿ ಬೆಳೆದ ಪರ್ವತದ ಒಂದು ಮಗ್ಗುಲು ಜಾರಿ ನೀರಿಗೆ ಬೀಳಬಹುದು. ಇವಲ್ಲದೆ ಸ್ಫೋಟದ ಹೊಡೆತಕ್ಕೆ ಎದ್ದ ಗಾಳಿಯ ಒತ್ತಡವೇ ಸಾಗರದ ಮೇಲೆ ಹರಿಯುತ್ತ ನೀರನ್ನು ಎಬ್ಬಿಸಬಹುದು. ಒಂದೇ ಪರ್ವತ ಒಂದೇ ದಿನ ಇವುಗಳಲ್ಲಿ ಎರಡು ಮೂರನ್ನು ಮಾಡುವುದೂ ಉಂಟು. ಭೂಕಂಪದ ಪ್ರಮಾಣವನ್ನು ಒಂದು ಅಂಕಿಯಲ್ಲಿ ಹೇಳಬಹುದು. ಪರ್ವತವೊಂದರ ಮಗ್ಗುಲು ಯಾವಾಗ ಜಾರೀತು, ಎಷ್ಟು ಜಾರೀತು, ಒಮ್ಮೆಗೇ ಜಾರೀತೋ ತುಂಡು ತುಂಡಾಗಿಯೋ ಎಂಬುದನ್ನು ಹೇಳುವ ಅಂಕಿ ಇಲ್ಲ.

ಇತಿಹಾಸದಲ್ಲಿ ಇದರ ನಿದರ್ಶನಗಳು ಹಲವಿವೆ. ಜಪಾನಿನ ಕ್ಯೂಶೂ ದ್ವೀಪದಲ್ಲಿ ಉನ್‌ಜೆನ್ ಎಂಬ ಅಗ್ನಿಪರ್ವತವಿದೆ. 1792ರ ಮೇ 21ರಂದು ಅದರ ಪಕ್ಕದ ಮಾಯುಯಾಮ ಎಂಬ ಗುಡ್ಡದ ಒಂದು ಭಾಗ ಕುಸಿದು, ಶಿಮಾಬಾರಾ ಪಟ್ಟಣದ ಮೇಲಿಂದ ಹಾದು ಕೊಲ್ಲಿಗೆ ಬಿದ್ದಿತು. ಎದ್ದ ಅಲೆ ಕೊಲ್ಲಿಯ ಆಚೆ ದಡದ ಹಿಗೋ ಪ್ರಾಂತವನ್ನು ಬಡಿಯಿತು. ಎರಡೂ ಕಡೆ ಸೇರಿ ಸುಮಾರು ಹದಿನೈದು ಸಾವಿರ ಜನ ಸತ್ತರು. ಶಿಮಾಬಾರಾದಲ್ಲಿ ಉತ್ಪಾತ, ಹಿಗೋಗೆ ಉಪದ್ರವ ಎಂಬರ್ಥದ ನುಡಿಗಟ್ಟು ಆ ಸೀಮೆಯಲ್ಲಿ ಉಳಿದುಬಂದಿದೆ. ಬೆಟ್ಟ ಒಬ್ಬರದು, ಸಾವು ಇನ್ನೊಬ್ಬರದು ಎಂಬ ಕಹಿ ಅದರಲ್ಲಿದೆ. 1888ರ ಮಾರ್ಚ್ 13ರಂದು ಇಂದಿನ ಪಪುವಾ ನ್ಯೂಗಿನಿಯ ರಿಟ್ಟರ್ ಎಂಬ ದ್ವೀಪದ ಬಹುಭಾಗ ಕಡಲಿಗೆ ಜಾರಿ, ಸುತ್ತಣ ದ್ವೀಪಗಳ ದಂಡೆಗಳಲ್ಲಿ ನೂರಾರು ಜನ ಹತರಾದರು.

ಎಲ್ಲಕ್ಕಿಂತ ಹೆಸರಾದದ್ದು ಕ್ರಕಟೋವ. ಜಾವಾ ಸುಮಾತ್ರಗಳ ನಡುವೆ ಸುಂದಾ ಜಲಸಂಧಿಯಲ್ಲಿದ್ದ ಈ ದ್ವೀಪ 1883ರ ಮೇ ತಿಂಗಳಲ್ಲಿ ಎಚ್ಚೆತ್ತು ಹೊಗೆಯುಗುಳತೊಡಗಿತು. ಜನ ಹೆದರಿದರೇ? ಮೊದಲು ಹೆದರಿದರು, ಆಮೇಲೆ ರೂಢಿಯಾಯಿತು. ಬಟೇವಿಯಾದಿಂದ, ಎಂದರೆ ಇಂದಿನ ಜಕಾರ್ತಾದಿಂದ, ಹಡಗು ಹತ್ತಿ ವಿನೋದಕ್ಕಾಗಿ ನೋಡಿಬಂದವರೂ ಉಂಟು. ಆಗಸ್ಟ್ 26ರ ಮಧ್ಯಾಹ್ನ ಅದರ ಅಬ್ಬರ ಮಿತಿಮೀರಿತು. 27ರ ಬೆಳಿಗ್ಗೆ ಹತ್ತು ಗಂಟೆಯ ಸುಮಾರಿಗೆ ಮಹಾಸ್ಫೋಟವಾಯಿತು. ಆ ಸದ್ದು ನಾಲ್ಕು ಸಾವಿರದ ಎಂಟು ನೂರು ಕಿಲೋಮೀಟರು ದೂರದ ರೊಡ್ರಿಗ್ಸ್ ದ್ವೀಪದಲ್ಲಿ ದೂರದ ಫಿರಂಗಿಯ ಗುಂಡಿನಂತೆ ಕೇಳಿಸಿತು. ಮೂವತ್ತು ಮೀಟರಿಗೂ ಮಿಕ್ಕ ಅಲೆಗಳು ಅನ್ಯೆರ್, ಮೆರಾಕ್, ತೆಲೋಕ್ ಬೆತೊಂಗ್ ಮೊದಲಾದ ಊರುಗಳನ್ನು ಅಳಿಸಿದವು. ಅಧಿಕೃತ ಲೆಕ್ಕದಂತೆ ಸತ್ತವರು 36,417. ಇವರಲ್ಲಿ ಬಹುಪಾಲು ಜನರನ್ನು ಕೊಂದದ್ದು ಅಲೆ. ಭಾರತದ ಸರ್ವೇಕ್ಷಣ ಇಲಾಖೆ ಮದ್ರಾಸು, ಪೋರ್ಟ್ ಬ್ಲೇರ್ ಮೊದಲಾದ ಬಂದರುಗಳಲ್ಲಿಟ್ಟಿದ್ದ ಉಬ್ಬರಮಾಪಕಗಳ ಕಾಗದದ ಮೇಲೂ ಆ ಕಡಲಿನ ತಳಮಳ ಗೀರಾಗಿ ಮೂಡಿತು. ಮೇಜರ್ ಬೇರ್ಡ್ ಎಂಬ ಅಧಿಕಾರಿ ಅವನ್ನೆಲ್ಲ ಕಲೆಹಾಕಿ ವರದಿ ಬರೆದ. ಅದು ತಂತಿ ಸಮಾಚಾರದ ಯುಗ. ಕ್ರಕಟೋವದ ಸುದ್ದಿ ಕಡಲ ತಳದ ತಂತಿಯಲ್ಲಿ ಲಂಡನ್ನಿಗೆ ಬಹುಬೇಗ ತಲಪಿತು. ಎದುರು ದಂಡೆಯ ಹಳ್ಳಿಗೆ ಓಡಿರೆಂಬ ಮಾತು ತಲಪಲಿಲ್ಲ.

ಅದು ಹಳೆಯ ಕಾಲದ ಕಥೆ, ಈಗ ಉಪಗ್ರಹಗಳಿವೆ, ಗಣಕಗಳಿವೆ ಎಂದು ನೀವು ಹೇಳಬಹುದು. ಹಾಗಿದ್ದರೆ ಅದೇ ಜಲಸಂಧಿಯಲ್ಲಿ, ಅದೇ ಪರ್ವತದ ಸಂತಾನ, ನೂರ ಮೂವತ್ತೈದು ವರ್ಷಗಳ ಮೇಲೆ ಏನು ಮಾಡಿತೆಂಬುದನ್ನು ನೋಡಬೇಕು.

ಕ್ರಕಟೋವ ಕುಸಿದ ಜಾಗದಲ್ಲಿ 1927ರ ಸುಮಾರಿಗೆ ನೀರಿನೊಳಗಿಂದ ಹೊಸ ಪರ್ವತವೊಂದು ತಲೆಯೆತ್ತಿತು. ಜನ ಅದನ್ನು ಅನಕ್ ಕ್ರಕಟೋವ ಎಂದು ಕರೆದರು. ಕ್ರಕಟೋವದ ಕೂಸು ಎಂದರ್ಥ. ಕೂಸು ಬೆಳೆಯುತ್ತ 338 ಮೀಟರು ಎತ್ತರವಾಯಿತು. 2012ರಲ್ಲಿ ಕೆಲವು ವಿಜ್ಞಾನಿಗಳು ಈ ಪರ್ವತದ ನೈರುತ್ಯ ಮಗ್ಗುಲು ಕಡಿದಾದ ಹೊಂಡದ ಅಂಚಿನಲ್ಲಿ ನಿಂತಿದೆ, ಅದು ಜಾರಿದರೆ ಸುನಾಮಿಯೆದ್ದು ಮುಕ್ಕಾಲು ಗಂಟೆಯೊಳಗೆ ಜಾವಾದ ದಂಡೆಯನ್ನು ಮುಟ್ಟೀತು ಎಂದು ಲೆಕ್ಕ ಹಾಕಿ ಪ್ರಕಟಿಸಿದರು. 2018ರ ಜೂನಿನಿಂದ ಪರ್ವತ ಮತ್ತೆ ಉಗುಳತೊಡಗಿತು. ಅಗ್ನಿಪರ್ವತಗಳನ್ನು ಕಾಯುವ ಇಂಡೊನೇಷಿಯದ ಇಲಾಖೆ ಎಚ್ಚರಿಕೆ ಹೊರಡಿಸಿತು. ಏನೆಂದು? ಪರ್ವತದ ಬಾಯಿಂದ ಎರಡು ಕಿಲೋಮೀಟರಿನೊಳಗೆ ಯಾರೂ ಹೋಗಕೂಡದು ಎಂದು. ಸಿಡಿಯುವ ಕಲ್ಲಿನ ದೃಷ್ಟಿಯಿಂದ ಅದು ಯುಕ್ತವಾದ ಮಾತೇ. ಐವತ್ತು ಕಿಲೋಮೀಟರು ಆಚೆಯ ದಂಡೆಯವರಿಗೆ ಅದರಲ್ಲಿ ಹೇಳಿದ್ದೇನೂ ಇರಲಿಲ್ಲ.

ಡಿಸೆಂಬರ್ 22ರ ಶನಿವಾರ, ಹುಣ್ಣಿಮೆ. ವಾರಾಂತ್ಯದ ರಜೆಗೆ ಜನ ಜಾವಾದ ಪಶ್ಚಿಮ ತೀರದಲ್ಲಿ ನೆರೆದಿದ್ದರು. ತಾಂಜುಂಗ್ ಲೆಸುಂಗ್ ಎಂಬಲ್ಲಿ ಕಡಲಿಗೆ ಬೆನ್ನಾದ ವೇದಿಕೆಯ ಮೇಲೆ ಸಂಗೀತ ಮೇಳವೊಂದು ಹಾಡುತ್ತಿತ್ತು. ರಾತ್ರಿ ಒಂಬತ್ತಕ್ಕೆ ಕೆಲವು ನಿಮಿಷಗಳಿರುವಾಗ ಅತ್ತ ಪರ್ವತದ ಮಗ್ಗುಲು ಜಾರಿ ನೀರಿಗೆ ಬಿತ್ತು. ಅರ್ಧ ಗಂಟೆಯ ಮೇಲೆ ಕತ್ತಲೆಯಿಂದ ಅಲೆ ಬಂತು. ವೇದಿಕೆಯನ್ನು ಹಿಂದಿನಿಂದ ಬಡಿದು ಹಾಡುವವರನ್ನೂ ಕೇಳುವವರನ್ನೂ ಒಟ್ಟಿಗೆ ಎತ್ತಿ ಎಸೆಯಿತು. ಬಾಂಟೆನ್, ಲಾಂಪುಂಗ್ ಎಂಬ ಎರಡು ಪ್ರಾಂತಗಳ ದಂಡೆಗಳಲ್ಲಿ ನಾಲ್ಕು ನೂರಕ್ಕೂ ಹೆಚ್ಚು ಜನ ಸತ್ತರು. ಸಾವಿರಾರು ಜನ ಗಾಯಗೊಂಡರು. 338 ಮೀಟರಿನ ಪರ್ವತ ಕೆಲವೇ ದಿನಗಳಲ್ಲಿ 110 ಮೀಟರಿಗೆ ಇಳಿದಿತ್ತು.

ಆ ಅರ್ಧ ಗಂಟೆ ಏನಾಯಿತು? ದಂಡೆಯಿಂದ ಎತ್ತರಕ್ಕೆ ನಡೆದುಹೋಗಲು ಅರ್ಧ ಗಂಟೆ ಧಾರಾಳವಾಯಿತು. ಆದರೆ ದೇಶದ ಸುನಾಮಿ ಎಚ್ಚರಿಕಾ ವ್ಯವಸ್ಥೆ ಭೂಕಂಪಕ್ಕೆ ಕಿವಿಗೊಟ್ಟು ಕುಳಿತದ್ದು. ಅದು ಕಾಯುತ್ತಿದ್ದ ಬಗೆಯ ಭೂಕಂಪ ಆಗಲಿಲ್ಲ. ಪರ್ವತವನ್ನು ಕಾಯುವ ಇಲಾಖೆ ಬೇರೆ, ಸುನಾಮಿಯನ್ನು ಸಾರುವ ಇಲಾಖೆ ಬೇರೆ. ಪರ್ವತದಿಂದಲೇ ಸುನಾಮಿ ಎದ್ದಾಗ ಅದು ಇಬ್ಬರ ಎಲ್ಲೆಯ ನಡುವಣ ಬಯಲಿನಲ್ಲಿ ಹಾದುಹೋಯಿತು. ಕಡಲಿನಲ್ಲಿ ತೇಲುವ ಅಲೆಸೂಚಕ ಯಂತ್ರಗಳು 2012ರಿಂದಲೇ ಕೆಲಸ ಮಾಡುತ್ತಿರಲಿಲ್ಲವೆಂದು ಆ ದೇಶದ ವಿಪತ್ತು ನಿರ್ವಹಣಾ ಸಂಸ್ಥೆಯ ವಕ್ತಾರ ಸುತೊಪೊ ಪುರ್ವೊ ನುಗ್ರೊಹೊ ಬಹಿರಂಗವಾಗಿಯೇ ಹೇಳಿದರು.

ಅದಕ್ಕಿಂತಲೂ ನನ್ನ ಮನಸ್ಸಿನಲ್ಲಿ ನಿಂತಿರುವುದು ಅಲೆ ಬಂದ ಮೇಲಿನ ಮೊದಲ ಮಾತು. ಅಧಿಕಾರಿಗಳ ಕಡೆಯಿಂದ ಮೊದಲು ಹೊರಟದ್ದು, ಇದು ಸುನಾಮಿಯಲ್ಲ, ಹುಣ್ಣಿಮೆಯ ಉಬ್ಬರ, ಗಾಬರಿಯಾಗಬೇಡಿ ಎಂಬ ಹೇಳಿಕೆ. ಅವರನ್ನು ಹಳಿಯುವುದು ಸುಲಭ. ಆದರೆ ಅವರ ಜಾಗದಲ್ಲಿ ನಿಂತು ನೋಡಿ. ಹುಣ್ಣಿಮೆಯಾಗಿತ್ತು; ಎತ್ತರದ ಅಲೆಗಳ ಮುನ್ಸೂಚನೆ ಆ ವಾರ ಇದ್ದೇ ಇತ್ತು; ಭೂಕಂಪ ಆಗಿರಲಿಲ್ಲ. ಶಾಸ್ತ್ರಗ್ರಂಥ ಅವರಿಗೆ ಕೊಟ್ಟಿದ್ದ ಲಕ್ಷಣದ ಪ್ರಕಾರ ಅದು ಸುನಾಮಿಯಾಗಲು ಸಾಧ್ಯವಿರಲಿಲ್ಲ. ಕಾರಣವನ್ನು ಹೆಸರಿನೊಳಕ್ಕೆ ಸೇರಿಸಿಬಿಟ್ಟಿದ್ದರಿಂದ, ಕಾರಣ ಕಾಣದಾಗ ಕಣ್ಣೆದುರಿನ ವಸ್ತುವಿಗೆ ಹೆಸರೇ ದೊರೆಯದೆ ಹೋಯಿತು. ಸ್ವಲ್ಪ ಹೊತ್ತಿನ ಮೇಲೆ ಅವರು ಮಾತನ್ನು ತಿದ್ದಿಕೊಂಡು ಕ್ಷಮೆ ಕೇಳಿದರು.

ಇಲ್ಲಿ ನಾನು ಬಹುಕಾಲ ಪಾಠ ಹೇಳಿದ ಒಂದು ವ್ಯಾಕರಣದ ಸಂಗತಿಯನ್ನು ನೆನಪಿಗೆ ತರಬೇಕಾಗಿದೆ. ಕನ್ನಡದ ಕ್ರಿಯಾಪದಕ್ಕೆ ಮೂರು ಕಾಲಗಳಲ್ಲದೆ ಮೂರು ಅರ್ಥರೂಪಗಳಿವೆ ಎಂದು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ: ವಿಧ್ಯರ್ಥ, ನಿಷೇಧಾರ್ಥ, ಸಂಭಾವನಾರ್ಥ. 'ಗುಡ್ಡ ಏರಿರಿ' ಎಂಬುದು ವಿಧಿ. 'ಅಲೆ ಬಾರದು' ಎಂಬುದು ನಿಷೇಧ. 'ಅಲೆ ಬಂದೀತು' ಎಂಬುದು ಸಂಭಾವನೆ. ಈ ಮೂರನೆಯ ರೂಪ ನಮ್ಮ ಭಾಷೆಯ ಭಾಗ್ಯ; ಒಂದೇ ಪದದಲ್ಲಿ ಭರವಸೆಯನ್ನೂ ಸಂದೇಹವನ್ನೂ ಸಮನಾಗಿ ತೂಗುತ್ತದೆ.

ವಿಜ್ಞಾನಿ ಪ್ರಾಮಾಣಿಕನಾಗಿದ್ದರೆ ಅಗ್ನಿಪರ್ವತದ ವಿಷಯದಲ್ಲಿ ಸಂಭಾವನಾರ್ಥದಲ್ಲಿಯೇ ಮಾತನಾಡಬೇಕು. ಮಗ್ಗುಲು ಜಾರೀತು, ಅಲೆ ಎದ್ದೀತು, ದಂಡೆಯನ್ನು ಮುಟ್ಟೀತು. 2012ರ ಲೇಖನ ಹೇಳಿದ್ದು ಇಷ್ಟೇ, ಮತ್ತು ಸರಿಯಾಗಿಯೇ ಹೇಳಿತು. ಕಚೇರಿಯ ಅಧಿಕಾರಿಗೆ ಸಂಭಾವನೆ ಸಾಲದು. ಬರುತ್ತದೆಯೋ ಇಲ್ಲವೋ ಖಚಿತವಾಗಿ ಹೇಳಿ ಎನ್ನುತ್ತಾನೆ, ಏಕೆಂದರೆ ಜನರನ್ನು ಎಬ್ಬಿಸಿ ಓಡಿಸಿದ ಹೊಣೆ ಅವನದು. ಕಡಲ ದಂಡೆಯ ಸಾಮಾನ್ಯನಂತೂ ಯಾರೂ ಏನೂ ಹೇಳದಿದ್ದರೆ ಅದನ್ನೇ 'ಬಾರದು' ಎಂದು ತಿಳಿದುಕೊಳ್ಳುತ್ತಾನೆ. ಅವನ ಪ್ರಾಣ ಉಳಿಯಬೇಕಾದರೆ ಅವನ ಕಿವಿಗೆ ಬೀಳಬೇಕಾದದ್ದು ವಿಧಿ: 'ಏರಿರಿ'. ಭೂಕಂಪದ ಸುನಾಮಿಯಲ್ಲಿ ಸಂಭಾವನೆಯಿಂದ ನಿಶ್ಚಯಕ್ಕೂ ನಿಶ್ಚಯದಿಂದ ವಿಧಿಗೂ ಹೋಗಲು ಯಂತ್ರಗಳ ಮೆಟ್ಟಿಲುಗಳಿವೆ. ಅಗ್ನಿಪರ್ವತದ ಸುನಾಮಿಯಲ್ಲಿ ನಡುವಣ ಮೆಟ್ಟಿಲು ಇಲ್ಲ. ನಿಶ್ಚಯವಾಗುವ ಹೊತ್ತಿಗೆ ಅಲೆ ಮನೆಯೊಳಗಿರುತ್ತದೆ. 'ಬಂದೀತು' ಎಂಬಲ್ಲಿಂದ 'ಏರಿರಿ' ಎಂಬಲ್ಲಿಗೆ ನೇರವಾಗಿ ಜಿಗಿಯುವ ಧೈರ್ಯ ಯಾರಿಗಾದರೂ ಬೇಕು. ಇಡೀ ಸಮಸ್ಯೆಯ ತಿರುಳು ಇದೆಂದು ನಾನು ತಿಳಿದಿದ್ದೇನೆ.

ಆ ಜಿಗಿತಕ್ಕೆ ಬೆಲೆಯೂ ಇದೆ. ಅಗ್ನಿಪರ್ವತ ತಿಂಗಳುಗಟ್ಟಲೆ ಗುಡುಗುತ್ತದೆ. ಗುಡುಗಿದಾಗಲೆಲ್ಲ ಏರಿರಿ ಎಂದರೆ ಬೆಸ್ತನ ಬಲೆ ಒಣಗುತ್ತದೆ, ಅಂಗಡಿಯ ಬಾಗಿಲು ಮುಚ್ಚುತ್ತದೆ, ನಾಲ್ಕನೆಯ ಸಲ ಯಾರೂ ಏಳುವುದಿಲ್ಲ. 'ತೋಳ ಬಂತು ತೋಳ' ಎಂಬ ಕಥೆ ನಮಗೆ ಗೊತ್ತೇ ಇದೆ. ಆದರೆ ಆ ಕಥೆಯ ಹುಡುಗ ಸುಳ್ಳು ಹೇಳಿದ್ದ. ಇಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ. ಬಂದೀತು ಎಂದದ್ದು ನಿಜ, ಬರಲಿಲ್ಲವೆಂಬುದೂ ನಿಜ. ಈ ಎರಡು ನಿಜಗಳು ಒಟ್ಟಿಗೆ ಇರಬಲ್ಲವೆಂಬುದನ್ನು ಜನರಿಗೆ ವಿಪತ್ತಿಲ್ಲದ ದಿನಗಳಲ್ಲಿ ತಿಳಿಯಹೇಳದಿದ್ದರೆ, ವಿಪತ್ತಿನ ದಿನ ಹೇಳಿ ಫಲವಿಲ್ಲ.

2022ರ ಜನವರಿಯಲ್ಲಿ ದಕ್ಷಿಣ ಪೆಸಿಫಿಕ್ಕಿನ ಟೊಂಗಾ ದೇಶದಲ್ಲಿ ನಡೆದದ್ದು ಈ ಮಾತಿಗೆ ಎರಡು ಕಡೆಯಿಂದಲೂ ಸಾಕ್ಷಿ. ರಾಜಧಾನಿ ನುಕುಅಲೋಫಾದಿಂದ ಸುಮಾರು 65 ಕಿಲೋಮೀಟರು ದೂರದಲ್ಲಿ, ಬಹುಭಾಗ ಕಡಲಿನಡಿಯಲ್ಲಿದ್ದ ಹುಂಗಾ ಟೊಂಗಾ ಹುಂಗಾ ಹಾಪಯ್ ಎಂಬ ಅಗ್ನಿಪರ್ವತ ಜನವರಿ 15ರ ಸಂಜೆ ಐದು ಗಂಟೆಯ ಬಳಿಕ ಸಿಡಿಯಿತು. ಬೂದಿಯ ಕಂಬ 57 ಕಿಲೋಮೀಟರು ಎತ್ತರಕ್ಕೆ ಏರಿತು. ಸದ್ದು ಅಲಾಸ್ಕಾದಲ್ಲಿ ಕೇಳಿಸಿತು. ಹತ್ತು ಮೀಟರಿಗೂ ಮಿಕ್ಕ ಅಲೆಗಳು ಟೊಂಗಾದ ಕೆಲವು ದಂಡೆಗಳನ್ನು ತೊಳೆದವು. ಮ್ಯಾಂಗೊ ಎಂಬ ಕಿರುದ್ವೀಪದಲ್ಲಿ ಒಂದು ಮನೆಯೂ ಉಳಿಯಲಿಲ್ಲ. ಆದರೂ ಸುಮಾರು ಒಂದು ಲಕ್ಷ ಜನರ ಆ ದೇಶದಲ್ಲಿ ಸತ್ತವರು ಬೆರಳೆಣಿಕೆಯಷ್ಟು ಮಂದಿ. ಹಿಂದಿನ ದಿನ ಪರ್ವತ ಕೆರಳಿದಾಗಲೇ ಅಲ್ಲಿ ಸುನಾಮಿ ಎಚ್ಚರಿಕೆ ಹೊರಟಿತ್ತು. ಆ ದಿನ ಬಂದದ್ದು ಚಿಕ್ಕ ಅಲೆ. ಅದನ್ನು ಕಂಡು ಯಾರೂ ಗೇಲಿ ಮಾಡಿ ಕೂರಲಿಲ್ಲ. ಮರುದಿನ ಸಿಡಿತದ ಸದ್ದು ಕಿವಿಗೆ ಬಿದ್ದೊಡನೆ ಜನ ಆಜ್ಞೆಗೆ ಕಾಯದೆ ಎತ್ತರದ ಕಡೆಗೆ ಹೊರಟರು. ಹಗಲಾಗಿತ್ತು ಎಂಬುದೂ ನೆರವಾಯಿತು. ಕಡಲ ತಳದ ತಂತಿ ತುಂಡಾಗಿ ದೇಶ ಹೊರಜಗತ್ತಿಗೆ ಮೂಕವಾಯಿತು. ಅಷ್ಟರಲ್ಲಿ ಓಡಬೇಕಾದವರು ಓಡಿಯಾಗಿತ್ತು.

ದೂರದ ದೇಶಗಳಲ್ಲಿ ನಡೆದದ್ದು ಬೇರೆ. ಜಪಾನ್ ಅಲ್ಲಿಂದ ಸುಮಾರು ಎಂಟು ಸಾವಿರ ಕಿಲೋಮೀಟರು. ಸುನಾಮಿಯ ವಿಷಯದಲ್ಲಿ ಆ ದೇಶವನ್ನು ಮೀರಿಸಿದವರಿಲ್ಲ. ಅಲ್ಲಿನ ಹವಾಮಾನ ಇಲಾಖೆ ಸಂಜೆ, ನೀರಿನ ಮಟ್ಟ ತುಸು ಏರುಪೇರಾದೀತು, ಹಾನಿಯ ಭಯವಿಲ್ಲ ಎಂದು ತಿಳಿಸಿತು. ಆದರೆ ಅಲೆ ಬರಬೇಕಾದ ಹೊತ್ತಿಗಿಂತ ಎರಡು ಗಂಟೆಗೂ ಮುಂಚೆಯೇ ಕಡಲು ಅಲುಗಾಡತೊಡಗಿತು. ಸ್ಫೋಟದ ವಾಯುಭಾರದ ಅಲೆ ನೀರಿನ ಅಲೆಗಿಂತ ವೇಗವಾಗಿ, ಗಂಟೆಗೆ ಸಾವಿರ ಕಿಲೋಮೀಟರಿಗೂ ಮಿಕ್ಕ ವೇಗದಲ್ಲಿ ಹರಿದು, ತನ್ನಡಿಯ ಸಾಗರವನ್ನು ಎಬ್ಬಿಸುತ್ತ ಬಂದಿತ್ತು. 1883ರಲ್ಲಿಯೂ ಇಂಥದೇ ಗಾಳಿಯ ಅಲೆ ಭೂಮಿಯನ್ನು ಹಲವು ಸಲ ಸುತ್ತಿತ್ತು. ಆದರೆ ಎಚ್ಚರಿಕೆಯ ಲೆಕ್ಕದೊಳಗೆ ಅದಕ್ಕೆ ಜಾಗವಿರಲಿಲ್ಲ. ಅಮಾಮಿ ದ್ವೀಪದಲ್ಲಿ ನೀರು ಒಂದು ಮೀಟರಿಗೂ ಮಿಕ್ಕಿ ಏರಿದಾಗ, ನಡುರಾತ್ರಿಯ ಬಳಿಕ ಇಲಾಖೆ ಸುನಾಮಿ ಎಚ್ಚರಿಕೆಯನ್ನು ಹೊರಡಿಸಿತು. ಇದು ಮಾಮೂಲು ಸುನಾಮಿಯಲ್ಲ, ಇದನ್ನು ಸುನಾಮಿ ಎನ್ನಬಹುದೇ ಎಂಬುದೂ ತಿಳಿಯದು, ಆದರೂ ಜನ ದಂಡೆ ಬಿಡಬೇಕಾಗಿರುವುದರಿಂದ ಆ ಹೆಸರಿನ ಎಚ್ಚರಿಕೆಯನ್ನೇ ಬಳಸುತ್ತಿದ್ದೇವೆ ಎಂದು ಅಧಿಕಾರಿಗಳು ವಿವರಿಸಿದರು. ಶಾಸ್ತ್ರದ ಹೆಸರು ಇತ್ಯರ್ಥವಾಗುವ ಮುಂಚೆಯೇ ಅವರು ವಿಧಿಯನ್ನು ಉಚ್ಚರಿಸಿದರು. ತಡವಾದರೂ ಅದು ವಿವೇಕದ ಮಾತೆಂದೇ ನಾನು ಎಣಿಸುತ್ತೇನೆ. ಹತ್ತು ಸಾವಿರ ಕಿಲೋಮೀಟರಿಗೂ ಆಚೆಯ ಪೆರು ದೇಶದಲ್ಲಿ ಎಚ್ಚರಿಕೆ ಹೊರಡಲಿಲ್ಲ. ಅಲ್ಲಿನ ಉತ್ತರದ ಒಂದು ಕಡಲ ತೀರದಲ್ಲಿ ಇಬ್ಬರು ಹೆಂಗಸರು ನೀರುಪಾಲಾದರು. ನೆರೆಯ ಚಿಲಿಯಲ್ಲಿ ಎಚ್ಚರಿಕೆ ಹೊರಟಿತ್ತು.

ಪರಿಹಾರವೇ ಇಲ್ಲವೆಂದಲ್ಲ. ಇಟಲಿಯ ಸ್ಟ್ರೊಂಬೊಲಿ ಎಂಬ ಪುಟ್ಟ ದ್ವೀಪ ಇಡಿಯಾಗಿ ಒಂದು ಅಗ್ನಿಪರ್ವತ. 2002ರ ಡಿಸೆಂಬರ್ 30ರಂದು ಅದರ ಒಂದು ಮಗ್ಗುಲು ಜಾರಿ, ಅಲೆಯೆದ್ದು, ಹಳ್ಳಿಯ ದಂಡೆಯ ಮನೆಗಳಿಗೆ ನುಗ್ಗಿತು. ಚಳಿಗಾಲವಾದ್ದರಿಂದ ಪ್ರವಾಸಿಗಳಿರಲಿಲ್ಲ, ಪ್ರಾಣಹಾನಿ ತಪ್ಪಿತು. ಆಮೇಲೆ ಅವರು ಪರ್ವತದ ಬುಡದ ಕಡಲಿನಲ್ಲಿಯೇ ನೀರಿನ ಏರಿಳಿತವನ್ನು ಅಳೆಯುವ ಕಂಬಗಳನ್ನು ನಿಲ್ಲಿಸಿದರು. ಪರ್ವತ ಏಕೆ ಜಾರಿತು, ಎಷ್ಟು ಜಾರಿತು ಎಂದು ಅವು ವಿಚಾರಿಸುವುದಿಲ್ಲ. ನೀರು ವಿಕಾರವಾಗಿ ಎದ್ದಿತೇ, ಅಷ್ಟೇ ಸಾಕು. ಯಾವ ಅಧಿಕಾರಿಯ ರುಜುವಿಗೂ ಕಾಯದೆ ಹಳ್ಳಿಯಲ್ಲಿ ಕಹಳೆ ಮೊಳಗುತ್ತದೆ. ದೊರೆಯುವುದು ಕೆಲವೇ ನಿಮಿಷ. ಚಿಕ್ಕ ದ್ವೀಪದಲ್ಲಿ ಅಷ್ಟು ಸಾಕು. 2018ರ ಬಳಿಕ ಸುಂದಾ ಜಲಸಂಧಿಯ ದಂಡೆಗಳಲ್ಲಿಯೂ ಅಗ್ಗದ ನೀರಿನಮಟ್ಟ ಮಾಪಕಗಳನ್ನು ಇಟ್ಟಿದ್ದಾರೆ. ಜಗತ್ತಿನ ಕಡಲುಗಳಲ್ಲಿ ಇಂಥ ಪರ್ವತಗಳು ಅನೇಕ. ಜನವಸತಿಯಿಂದ ದೂರವಾಗಿ, ಬಡ ರಾಷ್ಟ್ರಗಳ ನೀರಿನಲ್ಲಿರುವವೇ ಹೆಚ್ಚು. ಎಲ್ಲದರ ಬುಡದಲ್ಲೂ ಕಂಬ ನೆಡುವುದು ಸದ್ಯಕ್ಕೆ ಆಗುವ ಮಾತಲ್ಲ. ಆದ್ದರಿಂದ ಯಂತ್ರದ ಜೊತೆಗೆ ಮಾತೂ ಬೇಕು.

ಮಾತು ಎಂಥದಿರಬೇಕು? ಕರಾವಳಿಯ ಕೇಳುಗರಿಗೆ ಬಾನುಲಿಯ ಮೀನುಗಾರರ ಮುನ್ಸೂಚನೆ ಚೆನ್ನಾಗಿ ಗೊತ್ತು. ಗಾಳಿ ಇಂಥ ದಿಕ್ಕಿನಿಂದ, ಇಷ್ಟು ವೇಗದಿಂದ ಎಂದು ಹೇಳಿ, ಕೊನೆಗೆ ಮೀನುಗಾರರು ಕಡಲಿಗೆ ಇಳಿಯಬಾರದು ಎನ್ನುತ್ತಾರೆ. ಬಿರುಗಾಳಿಗೆ ಅದು ಸರಿ. ಅದು ಬರಲು ದಿನಗಳಿರುತ್ತವೆ. ನಮ್ಮ ಭಾಷೆಯಲ್ಲಿ ಕ್ರಿಯಾಪದ ವಾಕ್ಯದ ತುದಿಗೆ ಬರುತ್ತದೆ. ಕಾರಣ, ಸ್ಥಳ, ಪ್ರಮಾಣಗಳನ್ನೆಲ್ಲ ಪೋಣಿಸಿದ ದೀರ್ಘ ವಾಕ್ಯದ ಕೊನೆಯಲ್ಲಿ 'ಏರಿರಿ' ಎಂಬುದನ್ನು ಇಟ್ಟರೆ ಕೇಳುವವನು ಅಲ್ಲಿಯ ವರೆಗೆ ಕುಳಿತೇ ಇರುತ್ತಾನೆ. ಅಗ್ನಿಪರ್ವತದ ಅಲೆಯ ಎಚ್ಚರಿಕೆ ಎರಡು ಮೂರು ಪದಗಳ ವಾಕ್ಯಗಳಲ್ಲಿರಬೇಕು. ದಂಡೆ ಬಿಡಿ. ಎತ್ತರಕ್ಕೆ ಹೋಗಿ. ಹೇಳುವ ವರೆಗೆ ಇಳಿಯಬೇಡಿ. ಏಕೆ ಎಂಬುದು ಆಮೇಲೆ. ಮತ್ತು ಅಲೆ ಬರಲಿಲ್ಲವಾದರೆ, ಮರುದಿನ ಅದೇ ದನಿ, ಏಕೆ ಕರೆದೆವು, ಏಕೆ ಬರಲಿಲ್ಲ ಎಂಬುದನ್ನು ಸಾವಧಾನವಾಗಿ ವಿವರಿಸಬೇಕು. ಈ ಎರಡನೆಯ ಕೆಲಸವನ್ನು ಲೋಕ ಮರೆಯುತ್ತದೆ. ಮುಂದಿನ ಎಚ್ಚರಿಕೆಯ ಬೆಲೆ ನಿಂತಿರುವುದು ಅದರ ಮೇಲೆ.

'ಭಯವಿಲ್ಲ' ಎಂಬ ಮಾತನ್ನಂತೂ ತಿಳಿಯದೆ ಆಡಲೇಬಾರದು. ಏನೂ ಹೇಳದಿದ್ದರೆ ಎದೆ ಅಳುಕಿದವನಾದರೂ ಓಡಿಯಾನು. ಭಯವಿಲ್ಲವೆಂದರೆ ಓಡಹೊರಟವನೂ ಹಿಂದಿರುಗುತ್ತಾನೆ.

ನಮ್ಮ ದೇಶಕ್ಕೂ ಒಂದು ಜೀವಂತ ಅಗ್ನಿಪರ್ವತವಿದೆ. ಅಂಡಮಾನಿನ ಬ್ಯಾರನ್ ದ್ವೀಪ. ಪೋರ್ಟ್ ಬ್ಲೇರಿನ ಈಶಾನ್ಯಕ್ಕೆ, ನಿರ್ಜನ. 1991ರಿಂದೀಚೆಗೆ ಅದು ಆಗಾಗ ಹೊಗೆಯಾಡುತ್ತ ಬಂದಿದೆ. ಅದರಿಂದ ಕನ್ನಡ ಕರಾವಳಿಗೆ ಕೇಡೆಂದು ನಾನು ಹೆದರಿಸುತ್ತಿಲ್ಲ. ಆದರೆ ನಮ್ಮ ಮಕ್ಕಳು ಇಂದು ಲೋಕದ ಎಲ್ಲ ಕಡಲ ದಂಡೆಗಳಲ್ಲಿಯೂ ಕೆಲಸಕ್ಕಾಗಿ, ವಿಹಾರಕ್ಕಾಗಿ ಹೋಗಿ ನಿಲ್ಲುತ್ತಾರೆ. ನೆಲ ನಡುಗಿದರೆ ಓಡಬೇಕೆಂಬುದನ್ನು ಅವರು ಬಲ್ಲರು. ನೆಲ ನಡುಗದೆಯೂ, ದೂರದಲ್ಲಿ ಭಾರಿ ಸದ್ದು ಕೇಳಿದರೆ, ಬೇಳೆಯಲ್ಲದ ಹೊತ್ತಿನಲ್ಲಿ ಕಡಲು ಏರಿದರೆ ಅಥವಾ ಹಿಂಜರಿದರೆ, ಹೆಸರಿಗಾಗಿ ಕಾಯದೆ ಎತ್ತರಕ್ಕೆ ಹೋಗಬೇಕೆಂಬುದನ್ನೂ ಅವರಿಗೆ ಹೇಳಿಕೊಡಬೇಕು. ಬಂದದ್ದು ಉಬ್ಬರವೋ ಸುನಾಮಿಯೋ ಎಂಬ ಚರ್ಚೆಯನ್ನು ಗುಡ್ಡದ ಮೇಲೆ ಕುಳಿತು ಮಾಡಬಹುದು.